ಪೆಪ್ಸಿನೋಜನ್ ಪರೀಕ್ಷೆಗೆ ನಾನೇ ನಾರ್ಮಲ್

ಧರ್ಮಪುರಿಯ ಒಂದು ಹೊಟ್ಟೆ ರೋಗದ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೇನೆ. ಬೆಳಿಗ್ಗೆ ಎಂಟಕ್ಕೆ ಸೂಜಿ ಹಿಡಿದರೆ ಮಧ್ಯಾಹ್ನದವರೆಗೂ ರಕ್ತ ತೆಗೆಯುವುದು, ಆಮೇಲೆ ಅದನ್ನು ಮಿಷಿನ್ನಿಗೆ ಹಾಕುವುದು. ಇಲ್ಲಿ ನಗು ತರಿಸುವ ಸಂಗತಿ ವಾರಕ್ಕೆ ನಾಲ್ಕಾದರೂ ನಡೆಯುತ್ತದೆ. ತೊಂದರೆ ಏನೆಂದರೆ, ಅದು ಬರುವ ಹೊತ್ತಿಗೆ ಎದುರಿಗಿರುವವರು ಅಳುತ್ತಿರುತ್ತಾರೆ. ನಾವು ಸ್ಟೋರ್ ರೂಮಿಗೆ ಹೋಗಿ ಹತ್ತಿಯ ಮೂಟೆಗೆ ಮುಖ ಒತ್ತಿ ನಕ್ಕು ಬರುತ್ತೇವೆ. ಕಳೆದೆರಡು ವರ್ಷದಲ್ಲಿ ಆ ಮೂಟೆಗೆ ನಾನು ಮುಖ ಒತ್ತಿದ್ದು ಬರೀ ನಗುವುದಕ್ಕಲ್ಲ. ಇರಲಿ, ನಗು ಬಂದದ್ದನ್ನಷ್ಟೇ ಹೇಳುತ್ತೇನೆ.

ನಮ್ಮದು ಕಾರಿಮಂಗಲಂ ಹತ್ತಿರದ ಹಳ್ಳಿ. ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ತಮಿಳು. ಶಾಲೆಯಲ್ಲಿ ಕನ್ನಡ ಇರಲಿಲ್ಲ. ನನ್ನ ಗಂಡ ಬಸ್ ಕಂಡಕ್ಟರ್. ಗಡಿ ದಾಟಿ ಹೋಗುವ ಅವರ ಬಸ್ಸಿನ ಬೋರ್ಡಿನಲ್ಲಿ ಎರಡೂ ಭಾಷೆಯಲ್ಲಿ ಊರ ಹೆಸರು ಬರೆದಿರುತ್ತಾರಲ್ಲ, ಅದನ್ನು ಓದಿ ಓದಿಯೇ ನಾನು ಕನ್ನಡ ಅಕ್ಷರ ಕಲಿತದ್ದು. ಹಾಗಾಗಿ ತಪ್ಪಿದ್ದರೆ ಬೋರ್ಡು ಬರೆದವರದು.

ಮರದ ಹಣ್ಣು

ನಮ್ಮ ಡಾಕ್ಟರು ಹೊಸ ಪರೀಕ್ಷೆಯೊಂದನ್ನು ತರಿಸಿದರು. ಹೆಸರು ಪೆಪ್ಸಿನೋಜನ್. ಹೊಟ್ಟೆಯ ಒಳಗೋಡೆ ಅದನ್ನು ತಯಾರಿಸುತ್ತದೆ. ಅದು ಹಾಗೇ ಇದ್ದರೆ ಏನೂ ಮಾಡುವುದಿಲ್ಲ. ಹೊಟ್ಟೆಯ ಹುಳಿ ತಾಗಿದಾಗ ಎಚ್ಚರಗೊಂಡು, ತಿಂದದ್ದನ್ನು ಕರಗಿಸುವ ರಸವಾಗುತ್ತದೆ. ಅದನ್ನು ಹೇಗೆ ತಯಾರಿಸಬೇಕು ಅನ್ನುವುದು ನಮ್ಮ ವಂಶವಾಹಿಯಲ್ಲಿ, ಅಂದರೆ ಜೀನ್‌ನಲ್ಲಿ, ಅಪ್ಪ ಅಮ್ಮನಿಂದಲೇ ಬಂದಿರುತ್ತದೆ. ತಯಾರಾದ ಪೆಪ್ಸಿನೋಜನ್‌ನಲ್ಲಿ ಸ್ವಲ್ಪ ರಕ್ತಕ್ಕೂ ಇಳಿಯುತ್ತದೆ. ರಕ್ತದಲ್ಲಿ ಅದು ತೀರಾ ಕಮ್ಮಿಯಾದರೆ ಒಳಗೋಡೆ ಸವೆದಿದೆ ಎಂದು ಅರ್ಥ. ಸವೆದ ಗೋಡೆಯಲ್ಲಿ ಮುಂದೆ ಗೆಡ್ಡೆ ಏಳಬಹುದು.

“ಇದನ್ನು ನಿಮ್ಮ ಕನ್ನಡದವರಿಗೆಲ್ಲ ನೀವೇ ತಿಳಿಸಿ ಹೇಳಬೇಕು,” ಎಂದರು ಡಾಕ್ಟರು.

ಮೊದಲು ಸಿಕ್ಕವರು ಪಾಲಕೋಡಿನ ಟೊಮೇಟೊ ಮಂಡಿಯ ಒಬ್ಬ ದಲ್ಲಾಳಿ, ಹೆಂಡತಿಯ ಜೊತೆ ಬಂದಿದ್ದರು. ವಂಶವಾಹಿ ಅನ್ನುವ ಪದ ನಮ್ಮ ಕಡೆ ಯಾರಿಗೂ ಗೊತ್ತಿಲ್ಲ. ತಮಿಳಿನ ಹೆಸರೇ ಹೇಳಿದೆ: “ಇದೆಲ್ಲ ಮರಬಣುವಿನಿಂದ ಬರೋದು ಕಣಣ್ಣ.”

“ಮರದ್ ಅಣ್ಣಿಂದಾನಾ?” ಎಂದು ಗಾಬರಿಯಾದರು. “ನಾನು ಮಾವಿನಣ್ಣು ಬಿಟ್ರೆ ಯಾವ ಮರದ್ ಅಣ್ಣೂ ತಿನ್ನಲ್ವಲ್ಲ ತಾಯಿ!”

ಹಣ್ಣಲ್ಲ ಎಂದು ತಿಳಿಸಲು ಕಾಲು ಗಂಟೆ ಹಿಡಿಯಿತು. ಕೊನೆಗೆ ಸುಲಭ ಮಾಡಿ ಹೇಳಿದೆ: “ನಿಮ್ ಒಟ್ಟೆ ಒಳಗೆ ಒಬ್ಬ ಕೆಲಸಗಾರ ಮಲಗವ್ನೆ ಅಂದ್ಕೊಳ್ಳಿ. ಸುಮ್ನಿದ್ರೆ ಏಳಲ್ಲ. ಹುಳಿ ಮೈಮೇಲೆ ಬಿದ್ರೆ ಎದ್ದು ಕೆಲಸ ಶುರು ಮಾಡ್ತಾನೆ.”

ಅವರ ಹೆಂಡತಿ ಗಂಡನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಹೇಳಿದರು: “ಅಂಗಂದ್ರೆ ಇದು ಇವರ ವಂಶದ್ದೇ ಬಿಡಮ್ಮ. ಇವರೂ ಅಷ್ಟೇ, ಮೈಮೇಲೆ ಏನಾನ ಬಿದ್ರೇನೇ ಏಳೋದು.”

ಖಾಲಿ ಹೊಟ್ಟೆ

ಈ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬರಬೇಕು. ಕಂಬೈನಲ್ಲೂರಿನ ಒಬ್ಬ ಅಜ್ಜಿಗೆ ಹಿಂದಿನ ದಿನ ಎರಡೂ ಭಾಷೆಯಲ್ಲಿ ಹೇಳಿ ಕಳಿಸಿದ್ದೆ. ಮಾರನೇ ದಿನ ಬೆಂಚಿನ ಮೇಲೆ ಕೂತಿದ್ದಾಳೆ, ಮಡಿಲಲ್ಲಿ ಡಬ್ಬಿ, ಬಾಯಲ್ಲಿ ಇಡ್ಲಿ.

“ಏನಜ್ಜಿ, ಖಾಲಿ ಹೊಟ್ಟೇಲಿ ಬಾ ಅಂದಿದ್ದೆನಲ್ಲ!”

“ಬಂದ್ನಲ್ಲ. ಎರಡು ಬಸ್ ಬದಲಾಯ್ಸಿ ಖಾಲಿ ಒಟ್ಟೇಲೇ ಬಂದೆ. ಬಂದ್ ಮೇಲೂ ಅಂಗೇ ಇರು ಅಂತ ನೀನು ಏಳ್ಲಿಲ್ಲ.”

ಆಕೆ ಹೇಳಿದ್ದು ನಿಜ. ನಾನು ಬಾ ಅಂದಿದ್ದೆ, ಅಷ್ಟೇ. ಅಂದಿನಿಂದ ಚೀಟಿಯಲ್ಲಿ ‘ರಕ್ತ ಕೊಡುವವರೆಗೆ’ ಎಂದು ಬರೆಯುತ್ತೇನೆ. ಅದಕ್ಕೂ ಒಬ್ಬ ಪುಣ್ಯಾತ್ಮ ಸೂಜಿ ಕೈಯಲ್ಲಿರುವಾಗಲೇ ಇನ್ನೊಂದು ಕೈಯಿಂದ ವಡೆ ತೆಗೆದ. “ಕೊಡ್ತಾ ಇದ್ದೀನಲ್ಲ,” ಎಂದ.

ನಾರ್ಮಲ್ ಬದಲಾಯಿಸಿ

ಹೊಸ ಕಿಟ್ ಬಂದಾಗ ಅದು ಸರಿಯಾಗಿ ಕೆಲಸ ಮಾಡುತ್ತದೆಯೇ ಎಂದು ಮೊದಲು ನೋಡಬೇಕು. ಅದಕ್ಕೆ ಚೆನ್ನಾಗಿರುವ ಒಬ್ಬರ ರಕ್ತ ಹಾಕುತ್ತೇವೆ. ಎರಡನೇ ಸಲ ಕಿಟ್ ತರಿಸಿದಾಗ ಡಾಕ್ಟರು ಕೇಳಿದರು: “ಇಲ್ಲಿ ಹೊಟ್ಟೆ ಚೆನ್ನಾಗಿರೋರು ಯಾರಿದ್ದಾರೆ?”

ಎಲ್ಲರೂ ನನ್ನ ಕಡೆ ತಿರುಗಿದರು. ಅನುಮಾನವೇ ಇರಲಿಲ್ಲ. ಹೆರಿಗೆಗೆ ಬಿಟ್ಟರೆ ನಾನು ರಜೆ ಹಾಕಿದವಳಲ್ಲ. ಊಟದ ಹೊತ್ತಿನಲ್ಲಿ ನನ್ನ ರಾಗಿ ಮುದ್ದೆ ನೋಡಿ ನರ್ಸುಗಳು ಗಾಬರಿಯಾಗುತ್ತಿದ್ದರು. ವಾರ್ಡಿನ ಆಯಾ ಅಂತೂ, “ಇವಳು ಕಲ್ಲು ತಿಂದ್ರೂ ಮಣ್ಣಾಗ್ತದೆ,” ಎನ್ನುತ್ತಿದ್ದಳು. ನನಗೂ ಅದೊಂದು ಜಂಬ. ನನ್ನ ಕೈಯಿಂದ ನಾನೇ ರಕ್ತ ತೆಗೆದುಕೊಂಡು, ಟ್ಯೂಬಿನ ಮೇಲೆ ದಪ್ಪ ಅಕ್ಷರದಲ್ಲಿ ‘ನಾರ್ಮಲ್’ ಎಂದು ಬರೆದು ಮಿಷಿನ್ನಿಗೆ ಹಾಕಿದೆ.

ತೀರಾ ಕಮ್ಮಿ ಬಂತು.

“ಕಿಟ್ ಸರಿಯಿಲ್ಲ,” ಎಂದರು ಡಾಕ್ಟರು. “ದಾರೀಲಿ ಬಿಸಿಲಿಗೆ ಕೆಟ್ಟಿರಬೇಕು,” ಎಂದೆ ನಾನು. ಮತ್ತೆ ಹಾಕಿದೆ. ಅಷ್ಟೇ ಕಮ್ಮಿ. ಮೂರನೇ ಸಲ ಕೈ ಬದಲಾಯಿಸಿ ಎಡಗೈಯಿಂದ ತೆಗೆದೆ, ಏನೋ ಬಲಗೈ ರಕ್ತವೇ ಬೇರೆ ಅನ್ನುವ ಹಾಗೆ. ಅದೇ ಸಂಖ್ಯೆ. ಡಾಕ್ಟರು ಸೇಲಂನಲ್ಲಿರುವ ಮಾರಾಟದವನಿಗೆ ಫೋನಿನಲ್ಲಿ ಚೆನ್ನಾಗಿ ಬೈದರು. ನಾನು ಪಕ್ಕದಲ್ಲಿ ನಿಂತು, “ಹಣ ವಾಪಸ್ ಕೇಳಿ ಸಾರ್,” ಎಂದು ಸೇರಿಸಿದೆ.

ಮಾರನೇ ದಿನ ಅವನು ಟೈ ಕಟ್ಟಿಕೊಂಡು ಬಂದ. ಬೆವರು ಒರೆಸಿಕೊಂಡು, ತನ್ನ ರಕ್ತ ಕೊಟ್ಟ. ಸರಿಯಾಗಿ ಬಂತು. ಡಾಕ್ಟರರ ರಕ್ತ ಹಾಕಿದೆವು. ಸರಿಯಾಗಿ ಬಂತು. ಆಯಾಳದನ್ನು ಹಾಕಿದೆವು. ಅವಳು ಮೂವತ್ತು ವರ್ಷದಿಂದ ಹೊಗೆಸೊಪ್ಪು ಅಗಿಯುವವಳು, ಅವಳದೂ ಸರಿ.

“ಕಿಟ್ ನಲ್ಲಾತ್ತಾನ್ ಇರುಕ್ಕು ಸಾರ್,” ಎಂದು ಅವನು ಮುಖ ಅರಳಿಸಿದ. ಕಿಟ್ ಚೆನ್ನಾಗಿಯೇ ಇದೆ.

ಚೆನ್ನಾಗಿಲ್ಲದ್ದು ಯಾವುದು ಎಂದು ಆ ಕೋಣೆಯಲ್ಲಿ ಅವನೊಬ್ಬನನ್ನು ಬಿಟ್ಟು ಎಲ್ಲರಿಗೂ ತಿಳಿಯಿತು. ಡಾಕ್ಟರು ಕನ್ನಡಕ ತೆಗೆದು ಒರೆಸತೊಡಗಿದರು. ಆಯಾ ನನ್ನ ಬೆನ್ನ ಮೇಲೆ ಕೈಯಿಟ್ಟಳು. ಅವನು ಮಾತ್ರ ಉತ್ಸಾಹದಿಂದ ದೂರಿನ ಫಾರಂ ತುಂಬಿಸಿ, ಲ್ಯಾಬಿನವರು ಸಹಿ ಹಾಕಬೇಕು ಎಂದು ನನ್ನ ಮುಂದಿಟ್ಟ. ಓದಿದೆ. ದೋಷ: ನಾರ್ಮಲ್ ಸ್ಯಾಂಪಲ್‌ನಲ್ಲಿ. ಪರಿಹಾರ: ನಾರ್ಮಲ್ ಬದಲಾಯಿಸಬೇಕು. ಗ್ರಾಹಕರಿಗೆ ತೃಪ್ತಿಯಾಗಿದೆ.

ಸಹಿ ಹಾಕಿಕೊಟ್ಟೆ.

ಕಮ್ಮಿ ಬಂದ ಖುಷಿ

ನಮ್ಮ ಅಮ್ಮ ಹೊಟ್ಟೆ ಕಾಯಿಲೆಯಿಂದಲೇ ಹೋದದ್ದು. ಆಗ ಅದನ್ನು ಎಲ್ಲರೂ ಅಲ್ಸರ್ ಎಂದರು. ಕೊನೆಯ ಎರಡು ತಿಂಗಳು ಮಜ್ಜಿಗೆಯೂ ಇಳಿಯುತ್ತಿರಲಿಲ್ಲ. ಆಗವಳಿಗೆ ನಲವತ್ತೆಂಟು. ಈ ರಿಪೋರ್ಟ್ ಬಂದಾಗ ನನಗೆ ನಲವತ್ತಾರು. ಧರ್ಮಪುರಿಯಿಂದ ಮನೆಗೆ ಬಸ್ಸಿನಲ್ಲಿ ಬರುವಾಗ ಬೇರೆ ಯಾವ ಲೆಕ್ಕವೂ ತಲೆಗೆ ಹತ್ತಲಿಲ್ಲ.

ಮನೆಗೆ ಬಂದು ಗಂಡನಿಗೆ ಹೇಗೆ ಹೇಳುವುದೆಂದು ತಿಳಿಯದೆ, “ನನಗೊಂದು ಬ್ಲಡ್ ಟೆಸ್ಟ್ ಆಯ್ತು. ಕಮ್ಮಿ ಬಂದೈತೆ,” ಎಂದೆ.

ಅವರ ಮುಖ ಬೆಳಗಿತು. ಅವರದು ಸಕ್ಕರೆ ಜಾಸ್ತಿ, ಬಿ.ಪಿ. ಜಾಸ್ತಿ, ಕೊಬ್ಬು ಜಾಸ್ತಿ. ಪ್ರತಿ ಮೂರು ತಿಂಗಳಿಗೂ ಡಿಪೋದ ಡಾಕ್ಟರು ‘ಕಮ್ಮಿ ಮಾಡ್ಕೊಳ್ಳಿ’ ಎಂದು ಬೈಯುತ್ತಾರೆ. “ಕಮ್ಮಿ ಬಂತಾ! ಮನೇಲಿ ಒಬ್ರಿಗಾದ್ರೂ ಕಮ್ಮಿ ಬಂತಲ್ಲ!” ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ನಾನು ಕರೆಯುವಷ್ಟರಲ್ಲಿ ಬೀದಿ ತಿರುಗಿದ್ದರು. ಬರುವಾಗ ಕೈಯಲ್ಲಿ ಲಡ್ಡು ಪೊಟ್ಟಣ. ಪಕ್ಕದ ಮನೆಗೂ ಎರಡು ಕೊಟ್ಟು ಬಂದಿದ್ದರು, ಯಾಕೆಂದೂ ಹೇಳಿ.

ಅಷ್ಟರಲ್ಲಿ ಕಾಲೇಜಿಗೆ ಹೋಗುವ ಮಗಳು ರಿಪೋರ್ಟು ನೋಡಿ ಫೋನಿನಲ್ಲಿ ಹುಡುಕಿದ್ದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ತಮಿಳೇ. “ಅಪ್ಪಾ,” ಎಂದಳು ಮೆಲ್ಲಗೆ, “ಇದು ಕಮ್ಮಿಯಾ ಇರುಕ್ಕಕ್ಕೂಡಾದುಪ್ಪಾ.” ಕಮ್ಮಿ ಇರಬಾರದು.

ಲಡ್ಡು ಅವರ ಬಾಯಲ್ಲಿತ್ತು. ನುಂಗಲೂ ಇಲ್ಲ, ಉಗಿಯಲೂ ಇಲ್ಲ. ನನ್ನನ್ನು ನೋಡುತ್ತಾ ಕೆನ್ನೆ ಉಬ್ಬಿಸಿಕೊಂಡೇ ಕಣ್ಣಲ್ಲಿ ನೀರು ಹಾಕಿದರು. ಬಹಳ ಹೊತ್ತಾದ ಮೇಲೆ ಹೇಗೋ ನುಂಗಿ ಮಗಳನ್ನು ಕೇಳಿದರು:

“ಇದಕ್ಕೆ ಅರಿಯರ್ ಎಕ್ಸಾಮ್ ಏನಾನ ಐತಾ? ನಿಮ್ಮ ಕಾಲೇಜಲ್ಲಿ ಫೇಲಾದೋರ್ ಬರೀತಾರಲ್ಲ, ಅಂಗೆ?”

ಏನೂ ಆಗಲ್ಲ

ಮುಂದಿನದು ಬಾಯಿಂದ ಟ್ಯೂಬ್ ಇಳಿಸಿ ಹೊಟ್ಟೆಯ ಒಳಗೆ ನೋಡುವುದು. ಅದನ್ನು ಮಾಡಿಸಿಕೊಳ್ಳುವವರ ತಲೆಯ ಹತ್ತಿರ ನಿಂತು ನಾನು ಸಾವಿರಾರು ಸಲ ಒಂದೇ ಮಾತು ಹೇಳಿದ್ದೇನೆ: “ಏನೂ ಆಗಲ್ಲ. ಮೂಗಿಂದ ಉಸಿರಾಡಿ. ಎರಡೇ ನಿಮಿಷ.”

ನಾನೇ ಆ ಮಂಚದ ಮೇಲೆ ಎಡಮಗ್ಗುಲಾಗಿ ಮಲಗಿದಾಗ ತಲೆಯ ಹತ್ತಿರ ಆಯಾ ಬಂದು ನಿಂತಳು. ಗಂಟಲು ಮರಗಟ್ಟುವ ಔಷಧಿ ಹೊಡೆದಾಗಿತ್ತು. “ಏನೂ ಆಗಲ್ಲ,” ಎಂದಳು, ನನ್ನದೇ ರಾಗದಲ್ಲಿ. “ಮೂಗಿಂದ ಉಸ್ರಾಡು. ಎಲ್ಡೇ ನಿಮಿಷ.”

ಎರಡೇ ನಿಮಿಷ ಅನ್ನುವುದು ಇಷ್ಟು ದೊಡ್ಡ ಸುಳ್ಳು ಎಂದು ನನಗೆ ಗೊತ್ತೇ ಇರಲಿಲ್ಲ. ಹಾವೊಂದು ಮನೆ ಹುಡುಕಿಕೊಂಡು ಹೋದ ಹಾಗೆ ಹೋಗುತ್ತಲೇ ಇತ್ತು. ಕಣ್ಣು, ಮೂಗು, ಬಾಯಿ ಎಲ್ಲದರಿಂದಲೂ ನೀರು. ನಡುವೆ ಡಾಕ್ಟರು ಕಾಲಿನಿಂದ ಸ್ಕ್ರೀನಿನ ಗಾಡಿಯನ್ನು ಸ್ವಲ್ಪ ಆಚೆ ತಳ್ಳಿದರು. ರೋಗಿ ನೋಡಬಾರದ್ದು ಕಂಡಾಗಲೇ ತಳ್ಳುವುದು ಎಂದು ನನಗೆ ಗೊತ್ತು. ಎಷ್ಟೋ ಸಲ ಅವರ ಕಣ್ಸನ್ನೆಗೆ ಆ ಗಾಡಿ ತಿರುಗಿಸಿದವಳು ನಾನೇ.

ಟ್ಯೂಬ್ ಹೊರಬಂದ ಮೇಲೆ ಎದ್ದು ಕೂತು, ಜೊಲ್ಲು ಒರೆಸಿಕೊಂಡು ಹೇಳಿದೆ: “ಇನ್ಮೇಲೆ ನಾನು ಯಾರಿಗೂ ಏನೂ ಆಗಲ್ಲ ಅಂತ ಹೇಳಲ್ಲ.”

“ಏಳ್ಬೇಕು,” ಎಂದಳು ಆಯಾ, ಬಕೆಟ್ ಎತ್ತಿಕೊಳ್ಳುತ್ತಾ. “ನಿಜ ಏಳಿದ್ರೆ ಒಬ್ರಾನ ಬಾಯಿ ತೆಗೀತಾರಾ?”

ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದ್ದರು. ಹತ್ತು ದಿನದ ಮೇಲೆ ಉತ್ತರ ಬಂತು. ಗೋಡೆ ಸವೆದಿದೆ, ಅದನ್ನು ಸವೆಸುವ ಒಂದು ಕ್ರಿಮಿಯೂ ಇದೆ, ಗೆಡ್ಡೆ ಇಲ್ಲ. ಎರಡು ವಾರ ಮಾತ್ರೆ, ಆಮೇಲೆ ಕಾಲಕಾಲಕ್ಕೆ ಒಳಗೆ ನೋಡಿಸಿಕೊಳ್ಳುತ್ತಿರಬೇಕು.

ಆ ದಿನ ಡಾಕ್ಟರು ಇನ್ನೊಂದು ಮಾತೂ ಹೇಳಿದರು: “ನಿಮ್ಮ ಅಮ್ಮನಿಗೆ ಬೇರೆ ಮಕ್ಕಳಿದ್ದಾರಾ? ಇದ್ದರೆ ಬೇಗ ಕರ್ಕೊಂಡು ಬನ್ನಿ.”

ಸೂಜಿಯಲ್ಲಿ ಪಾಲು

ಇರುವವನು ಒಬ್ಬನೇ ಅಣ್ಣ. ನನಗಿಂತ ಆರು ವರ್ಷ ದೊಡ್ಡವನು. ಊರಿನಲ್ಲೇ ಇದ್ದಾನೆ, ಹಿಪ್ಪುನೇರಳೆ ಬೆಳೆದು ರೇಷ್ಮೆಹುಳ ಸಾಕುತ್ತಾನೆ. ಅಪ್ಪನ ಜಮೀನು ಅವನ ಹೆಸರಿನಲ್ಲೇ ಇದೆ. ನಾನು ಅದರ ಸುದ್ದಿ ಎತ್ತಿದವಳಲ್ಲ. ಆದರೆ ಊರಲ್ಲಿ ಯಾರದೋ ಮಗಳು ಕೋರ್ಟಿಗೆ ಹೋಗಿ ಪಾಲು ಪಡೆದಾಗಿನಿಂದ ಅಣ್ಣನಿಗೆ ತಂಗಿ ಬಸ್ ಇಳಿದಳೆಂದರೆ ಎದೆ ಹೊಡೆದುಕೊಳ್ಳುತ್ತಿತ್ತು.

ಅವನ ಹುಳದ ಮನೆಯಲ್ಲಿ ನಿಂತು ಎಲ್ಲ ಹೇಳಿದೆ. ಅಮ್ಮನಿಂದ ನಮಗೆ ಬಂದಿರಬಹುದು, ಮರಬಣು, ರಕ್ತ, ಪರೀಕ್ಷೆ. ತಟ್ಟೆಯಲ್ಲಿ ಹುಳಗಳು ಸೊಪ್ಪು ಮೇಯುತ್ತಿದ್ದವು. ಅಣ್ಣ ಸೊಪ್ಪು ಹಾಕುವುದನ್ನು ನಿಲ್ಲಿಸಿ ನನ್ನನ್ನೇ ದಿಟ್ಟಿಸಿದ.

“ನನ್ನ ರಕ್ತಾನೂ ನಿನ್ನ ರಕ್ತಾನೂ ಒಂದೇ ಅಂತ ಕಾಗ್ದದಲ್ಲಿ ಬರಿಸ್ಕೊಳ್ಳೋಕೆ ಬಂದಿದ್ದೀಯ.”

“ಏನಣ್ಣ ಇದು!”

“ಟಿ.ವೀಲಿ ನೋಡಿದ್ದೀನಿ ಲೇ. ಕೋರ್ಟಲ್ಲಿ ಇದನ್ನೇ ಕೇಳೋದು. ನಿನಗೆ ಪಾಲು ಬೇಕಿದ್ರೆ ಬಾಯಲ್ಲಿ ಕೇಳು. ಸೂಜೀಲಿ ಕೇಳ್ಬ್ಯಾಡ.”

ನಗು ಬಂತು. ನಕ್ಕೂಬಿಟ್ಟೆ. ಅದೇ ತಪ್ಪಾಯಿತು. ತಂಗಿ ನಕ್ಕಳು, ಅಂದರೆ ಒಳಗೇನೋ ಇದೆ ಎಂದು ಅವನಿಗೆ ಗಟ್ಟಿಯಾಯಿತು. ಆಮೇಲೆ ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಗಂಡನನ್ನು ಕಳಿಸಿದೆ, ಮಗಳನ್ನು ಕಳಿಸಿದೆ. ಎಂಟು ತಿಂಗಳು ಹೀಗೇ ಹೋಯಿತು. ಆ ಎಂಟು ತಿಂಗಳನ್ನು ನಾನು ಈಗಲೂ ಬೆರಳು ಮಡಚಿ ಎಣಿಸುತ್ತೇನೆ.

ಕೊನೆಗೆ ಅತ್ತಿಗೆಯೇ ಫೋನ್ ಮಾಡಿದಳು. ಎರಡು ತುತ್ತಿಗೆ ಸಾಕು ಎನ್ನುತ್ತಾನೆ, ಪಂಚೆ ಸೊಂಟದಲ್ಲಿ ನಿಲ್ಲುವುದಿಲ್ಲ. ನೀನೇ ಏನಾದರೂ ಮಾಡು ಎಂದು ಅತ್ತಳು. ಮಾರನೇ ದಿನ ಅಣ್ಣ ಆಸ್ಪತ್ರೆಗೆ ಬಂದ. ಒಬ್ಬನೇ ಅಲ್ಲ, ಊರಿನ ಇಬ್ಬರು ಹಿರಿಯರನ್ನೂ ಒಂದು ಛಾಪಾ ಕಾಗದವನ್ನೂ ಕರೆದುಕೊಂಡು. ಕಾಗದದಲ್ಲಿ ಆಗಲೇ ತಮಿಳಿನಲ್ಲಿ ಟೈಪಾಗಿತ್ತು: ಈ ದಿನ ತೆಗೆಯುವ ರಕ್ತವನ್ನಾಗಲೀ, ಅದರಿಂದ ತಿಳಿದುಬರುವ ಯಾವ ಸಂಗತಿಯನ್ನಾಗಲೀ ನಾನು ಜಮೀನಿನ ಹಕ್ಕಿಗೆ ಬಳಸುವುದಿಲ್ಲ. ಲ್ಯಾಬಿನ ಮೇಜಿನ ಮೇಲೆ ಸಹಿ ಹಾಕಿದೆ. ಹಿರಿಯರು ಸಾಕ್ಷಿ ಹಾಕಿದರು. ಡಾಕ್ಟರೂ ಬಂದು ಸಾಕ್ಷಿ ಹಾಕಿದರು, ಪಾಪ. ಆಮೇಲೆ ಅಣ್ಣ ತೋಳು ಚಾಚಿದ. ಆ ತೋಳಿನಲ್ಲಿ ನರ ಹುಡುಕುವುದೇ ಬೇಡವಾಗಿತ್ತು. ಮೂಳೆಯ ಮೇಲೆ ಹಗ್ಗ ಹಾಸಿದ ಹಾಗೆ ಎದ್ದು ಕಾಣುತ್ತಿತ್ತು.

ಸಂಖ್ಯೆ ನನ್ನದಕ್ಕಿಂತ ಕೆಳಗೆ ಬಂತು. ಟ್ಯೂಬನ್ನೂ ಅಂದೇ ಇಳಿಸಿದರು. ಡಾಕ್ಟರು ಕಣ್ಸನ್ನೆ ಮಾಡಿದರೂ ಗಾಡಿ ತಿರುಗಿಸಲು ನನ್ನ ಕೈ ಏಳಲಿಲ್ಲ. ಸ್ಕ್ರೀನಿನಲ್ಲಿ ಇದ್ದದ್ದನ್ನು ನೋಡಿಕೊಂಡೇ ನಿಂತಿದ್ದೆ.

ಹೊರಗೆ ಬೆಂಚಿನ ಮೇಲೆ ಅಣ್ಣ ಗಂಟಲು ಉಜ್ಜಿಕೊಳ್ಳುತ್ತಾ ಕೂತಿದ್ದ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿ ಭದ್ರವಾಗಿ ಇಟ್ಟುಕೊಂಡಿದ್ದ.

“ಏನಾನ ಬಂತಾ ಒಳಗೆ?” ಎಂದ.

ಅವನು ನನ್ನ ಮುಖ ನೋಡಿದ. ಜೇಬು ತಟ್ಟಿಕೊಂಡು ಹೇಳಿದ: “ಏನೇ ಬಂದಿರ್ಲಿ, ಅದ್ರಲ್ಲಿ ನಿನಗೆ ಪಾಲಿಲ್ಲ. ಸಹಿ ಆಕಿದ್ದೀಯ, ನೆನಪಿರ್ಲಿ.”

ವಯಸ್ಸಾಗಿ

ಆಪರೇಷನ್ನಿಗೆ ಸೇಲಂನ ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ಅದೇ ತಿಂಗಳು ಅಣ್ಣನ ಮಗಳಿಗೆ ಸಂಬಂಧ ಕೂಡಿಬಂದಿತ್ತು. ಹುಡುಗನ ಕಡೆಯವರಿಗೆ ಇದು ವಂಶದ ರೋಗ ಎಂದು ಗೊತ್ತಾದರೆ ಕೆಟ್ಟಿತು ಎಂಬ ಹೆದರಿಕೆ ಅಣ್ಣನಿಗೆ. ರೋಗಕ್ಕಿಂತ ಹೆಚ್ಚಾಗಿ ಅದೇ ಅವನನ್ನು ತಿನ್ನುತ್ತಿತ್ತು.

ದಾಖಲಾತಿಯ ಮೇಜಿನಲ್ಲಿ ಒಬ್ಬ ನರ್ಸ್ ಫಾರಂ ತುಂಬಿಸುತ್ತಿದ್ದಳು. ಅವಳೂ ಮೇಟ್ಟೂರು ಕಡೆಯ ಕನ್ನಡದವಳೇ. ನಮ್ಮ ಮಾತು ಕೇಳಿ ಕನ್ನಡದಲ್ಲೇ ಕೇಳಿದಳು: “ಕುಟುಂಬದಲ್ಲಿ ಯಾರಿಗಾನ ಒಟ್ಟೆ ಕಾಯಿಲೆ ಇತ್ತಾ?”

“ಯಾರಿಗೂ ಇಲ್ಲ,” ಎಂದ ಅಣ್ಣ.

ನಾನು ಬಾಯಿ ತೆರೆದೆ. ಅವನು ಮೇಜಿನ ಕೆಳಗೆ ನನ್ನ ಕಾಲು ತುಳಿದ.

“ತಂದೆ?”

“ಲಾರಿ ಗುದ್ದಿ ಓದ್ರು.” ಅದು ನಿಜ.

“ತಾಯಿ ಎಂಗೆ ತೀರ್ಕೊಂಡ್ರು?”

“ವಯಸ್ಸಾಗಿ.”

“ಎಷ್ಟಾಗಿತ್ತು?”

“ನಲವತ್ತೆಂಟು.”

ಅವಳು ಪೆನ್ನು ನಿಲ್ಲಿಸಿ ನೋಡಿದಳು. ಅಣ್ಣನಿಗೆ ಆಗ ಐವತ್ಮೂರು. “ನಿಮಗಿಂತ ಚಿಕ್ಕೋರಲ್ಲ ಅಣ್ಣ!”

ಈ ವಿಷಯ ಅಣ್ಣನಿಗೆ ಅಲ್ಲಿಯವರೆಗೂ ಹೊಳೆದಿರಲಿಲ್ಲ ಎಂದು ಕಾಣುತ್ತದೆ. ಆಮೇಲೆ ಗಂಭೀರವಾಗಿ ಹೇಳಿದ: “ಎಣ್ ಮಕ್ಕಳು ಬೇಗ ಬೆಳೀತಾರಲ್ಲಮ್ಮ.”

ತಮಿಳು ಬಾರದ ಅಣ್ಣ

ಅಣ್ಣ ಹೋಗಿ ಈಗ ಹತ್ತಿರ ಹತ್ತಿರ ವರ್ಷವಾಯಿತು. ಆಪರೇಷನ್ ಆದ ಮೇಲೆ ನಾಲ್ಕು ತಿಂಗಳು ಇದ್ದ. ಮಗಳ ಮದುವೆ ನೋಡಿದ. ಹುಡುಗನ ಕಡೆಯವರಿಗೆ ವಿಷಯ ಗೊತ್ತಿತ್ತಂತೆ, ಅವರೇನೂ ಅಂದುಕೊಂಡಿರಲಿಲ್ಲ. ಆ ಹುಡುಗಿಗೂ ಈಗ ಪರೀಕ್ಷೆ ಮಾಡಿಸಿದ್ದೇನೆ. ಸರಿಯಾಗಿ ಬಂದಿದೆ. ನನ್ನ ಮಗಳದೂ ಸರಿಯಿದೆ. ಇಷ್ಟೆಲ್ಲ ನಡೆದರೂ ನಾನು ಎಲ್ಲಕ್ಕಿಂತ ಜಾಸ್ತಿ ನಕ್ಕದ್ದು ಅದೇ ಸೇಲಂ ಆಸ್ಪತ್ರೆಯಲ್ಲಿ, ಅಣ್ಣನ ಹೊಟ್ಟೆ ಕೊಯ್ದ ಮೂರನೇ ದಿನ.

ಕೊಯ್ದ ಡಾಕ್ಟರು ಊರಿಗೆ ಹೋಗಿದ್ದರು. ಬೆಳಿಗ್ಗೆ ರೌಂಡ್ಸಿಗೆ ಬಂದದ್ದು ಒಬ್ಬ ಹೊಸ ಡಾಕ್ಟರಮ್ಮ. ತಮಿಳು ಸೀಮೆಯ ದಕ್ಷಿಣದ ಕಡೆಯವಳು, ಕನ್ನಡ ತಿಳಿಯದು, ನಮ್ಮನ್ನು ನೋಡುತ್ತಿರುವುದು ಅದೇ ಮೊದಲು. ಅಣ್ಣ ಕಣ್ಣು ಬಿಟ್ಟುಕೊಂಡು ಮಲಗಿದ್ದ. ಡಾಕ್ಟರಮ್ಮ ಫೈಲು ತೆರೆದು ಓದಿದಳು. ಓದುತ್ತಾ ಮುಖ ಇಳಿಯಿತು. ಆ ಮುಖ ನನಗೆ ಗೊತ್ತು. ಇಪ್ಪತ್ತೆರಡು ವರ್ಷ ನೋಡಿದ್ದೇನೆ. ಏನೋ ಹೇಳುತ್ತಾಳೆ, ಇವನಿಗೇ ನೇರವಾಗಿ ಹೇಳಿಬಿಡುತ್ತಾಳೆ ಎಂದು ನನ್ನ ಜೀವವೇ ಹಾರಿತು.

ಅವಳು ನಾವು ಮಾತಾಡುತ್ತಿದ್ದದ್ದು ಕೇಳಿಸಿಕೊಂಡಿದ್ದಳು. “ಅವರುಕ್ಕು ತಮಿಳ್ ತೆರಿಯುಮಾ?” ಎಂದು ಕೇಳಿದಳು. ಇವರಿಗೆ ತಮಿಳು ಬರುತ್ತದೆಯೇ?

“ತೆರಿಯಾದು ಮೇಡಂ,” ಎಂದುಬಿಟ್ಟೆ. ಬರುವುದಿಲ್ಲ.

ಯಾಕೆ ಹಾಗಂದೆ? ಹಾಗಂದರೆ ಅವಳು ನನ್ನ ಹತ್ತಿರ ಹೇಳುತ್ತಾಳೆ, ನನ್ನನ್ನು ಆಚೆ ಕರೆಯುತ್ತಾಳೆ, ಆಮೇಲೆ ಅಣ್ಣನಿಗೆ ಏನು ಹೇಳಬೇಕೋ ನಾನು ಯೋಚಿಸಿ ಹೇಳಬಹುದು ಎಂದು. ಮೂವತ್ತು ವರ್ಷದಿಂದ ಧರ್ಮಪುರಿಯ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ತಮಿಳಿನಲ್ಲೇ ಚೌಕಾಸಿ ಮಾಡಿ, ತಮಿಳಿನಲ್ಲೇ ಜಗಳ ಆಡಿ, ತಮಿಳಿನಲ್ಲೇ ಬೈಯುವ ಮನುಷ್ಯನಿಗೆ ತಮಿಳು ಬರುವುದಿಲ್ಲ ಎಂದೆ.

ಆದರೆ ಅವಳು ನನ್ನನ್ನು ಆಚೆ ಕರೆಯಲಿಲ್ಲ. ಯಾಕೆ ಕರೆಯಬೇಕು? ಇವರಿಗೆ ತಮಿಳು ಬರುವುದಿಲ್ಲವಲ್ಲ. ಅಣ್ಣನ ಮಂಚದ ಪಕ್ಕದಲ್ಲೇ, ಅವನ ಮುಖದಿಂದ ಮೊಳದೂರದಲ್ಲಿ ನಿಂತು, ಬಹಳ ಸಮಾಧಾನವಾಗಿ, ಬಿಡಿಸಿ ಬಿಡಿಸಿ ತಮಿಳಿನಲ್ಲಿ ಎಲ್ಲವನ್ನೂ ಹೇಳಿದಳು. ತೆರೆದು ನೋಡಿದ್ದಾರೆ. ಗೆಡ್ಡೆ ಹೊಟ್ಟೆ ದಾಟಿ ಈರುಳ್ಳಿ ಬೇರಿನ ಹಾಗೆ ಎಲ್ಲ ಕಡೆ ಹೋಗಿದೆ. ತೆಗೆಯಲು ಆಗಲಿಲ್ಲ. ಹಾಗೇ ಮುಚ್ಚಿದ್ದಾರೆ. ಕೆಲವು ತಿಂಗಳು ಇರಬಹುದು. ಇಷ್ಟಪಟ್ಟದ್ದು ಕೊಡಿ.

ನಾನು ಅವಳನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ನನ್ನ ಸುಳ್ಳು ಬಯಲಾಗುತ್ತದೆ. ಅಣ್ಣನ ಕಡೆ ನೋಡುವ ಧೈರ್ಯವಿಲ್ಲದೆ ಮಂಚದ ಕಂಬಿ ಹಿಡಿದುಕೊಂಡು ನಿಂತಿದ್ದೆ. ಓರೆಗಣ್ಣಿನಲ್ಲಿ ನೋಡಿದರೆ ಅಣ್ಣ ತಮಿಳು ಬಾರದವನ ಹಾಗೆ ಫ್ಯಾನನ್ನೇ ನೋಡುತ್ತಿದ್ದ.

ಎಲ್ಲ ಮುಗಿಸಿ ಡಾಕ್ಟರಮ್ಮ ಹೇಳಿದಳು: “ಇದನ್ನು ನಿಮ್ಮ ಭಾಷೆಯಲ್ಲಿ ಅವರಿಗೆ ಮೆಲ್ಲಗೆ ತಿಳಿಸಿ. ನಾನು ಇಲ್ಲೇ ಇರ್ತೀನಿ.”

ಈಗ ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಬಗ್ಗಿ ಅಣ್ಣನ ಕೈ ಹಿಡಿದುಕೊಂಡೆ. “ಅಣ್ಣ,” ಎಂದೆ. “ಅಣ್ಣ, ಗೆಡ್ಡೆ ಪೂರ್ತಿ ತೆಗೆದವ್ರಂತೆ. ಒಟ್ಟೆ ಕ್ಲೀನಾಗೈತಂತೆ. ಎರಡು ತಿಂಗಳು ಗಂಜಿ ಕುಡಿದ್ರೆ ಮೊದಲಿನಂಗೆ ಆಯ್ತೀಯಂತೆ. ಡಾಕ್ಟರಮ್ಮ ಅಂಗೇ ಏಳಿದ್ರು,” ಎಂದೆ. ಹೇಳುತ್ತಿದ್ದ ಹಾಗೇ ಕಣ್ಣೀರು ಅವನ ಕೈಮೇಲೆ ಬೀಳುತ್ತಿತ್ತು.

ಅಣ್ಣ ನನ್ನನ್ನು ಬಹಳ ಹೊತ್ತು ನೋಡಿದ. ಚಿಕ್ಕಂದಿನಲ್ಲಿ ನಾನು ಶಾಲೆ ತಪ್ಪಿಸಿ ಸುಳ್ಳು ಹೇಳಿದಾಗ ಹೀಗೇ ನೋಡುತ್ತಿದ್ದ. “ಆಯ್ತು ಬಿಡು,” ಎಂದ. ನನ್ನ ಕೈಯನ್ನು ಒಮ್ಮೆ ಅದುಮಿದ.

ಆಮೇಲೆ ತಲೆಯನ್ನು ಡಾಕ್ಟರಮ್ಮನ ಕಡೆ ತಿರುಗಿಸಿದ. “ಡಾಕ್ಟರಮ್ಮಾ, ಒರು ನಿಮಿಷಂ,” ಎಂದು ಶುರುಮಾಡಿ, ಮಾರುಕಟ್ಟೆಯ ಅಚ್ಚ ತಮಿಳಿನಲ್ಲಿ ನಿಧಾನವಾಗಿ ಹೇಳಿದ. ಅವಳ ಕೈಯಿಂದ ಪೆನ್ನು ಬಿತ್ತು. ನಾನು ಅಳುತ್ತಿದ್ದವಳು ಅಲ್ಲೇ ನಕ್ಕೆ, ಅವಳೂ ಕಣ್ಣೊರೆಸಿಕೊಳ್ಳುತ್ತಾ ನಕ್ಕಳು, ಅಣ್ಣ ಹೊಲಿಗೆ ಹಿಡಿದುಕೊಂಡು ನಕ್ಕ. ಅವನು ಹೇಳಿದ್ದು ಇಷ್ಟೇ:

“ನೀವು ತಮಿಳಲ್ಲಿ ಹೇಳಿದ್ದೂ ಕೇಳಿದೆ, ಇವಳು ಕನ್ನಡದಲ್ಲಿ ಹೇಳಿದ್ದೂ ಕೇಳಿದೆ. ಎರಡರಲ್ಲಿ ಇವಳದೇ ಚೆನ್ನಾಗಿದೆ. ಫೈಲಲ್ಲಿ ಅದನ್ನೇ ಬರ್ಕೊಂಡುಬಿಡಿ.”